ಒಂದಂಗುಲದ ಮನುಷ್ಯರು

ಕಳೆದ ಬೇಸಿಗೆಯಲ್ಲಿ ಸಕುಟುಂಬವಾಗಿ ಉಡುಪಿ ಸೀಮೆಗೆ ಹೋಗಿದ್ದೆವು. ಬೆಳಿಗ್ಗೆ ಕಾಪುವಿನ ಕಡಲತಡಿಯಲ್ಲಿ 1901ರ ದೀಪಸ್ತಂಭವನ್ನೂ ಮಧ್ಯಾಹ್ನ ಕಾರ್ಕಳದಲ್ಲಿ 1432ರಲ್ಲಿ ನಿಂತ 42 ಅಡಿಯ ಬಾಹುಬಲಿಯನ್ನೂ ಕಂಡು, ಸಂಜೆ ಮಣಿಪಾಲದ ತಂಗಿಯ ಮನೆ ಸೇರಿದೆವು.

ಅಲ್ಲಿ ಸೋದರಳಿಯನು ಎರಡನೆಯ ಮಹಾಯುದ್ಧ ಕಾಲದ ಬೆಂಗಳೂರು ವಿಮಾನ ನಿಲ್ದಾಣದ ಪ್ರತಿಕೃತಿಯನ್ನು ಮೇಜಿನ ಮೇಲೆ ಕಟ್ಟುತ್ತಿದ್ದನು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕದ ಸೇನೆಯ ಆಡಳಿತಕ್ಕೆ ಬಂದು, ವಿಮಾನಗಳ ದುರಸ್ತಿ ಕೇಂದ್ರವಾಯಿತು. ನೀರಿನ ಮೇಲಿಳಿಯುವ ಕ್ಯಾಟಲೀನಾಗಳಿಗೆ ಬೆಳ್ಳಂದೂರು ಕೆರೆಯೇ ನಿಲ್ದಾಣ.

“72 ಅಡಿಗೆ ಒಂದಡಿ, ಮಾವ” ಎಂದನು. ಆ ಲೆಕ್ಕದಲ್ಲಿ ಕ್ಯಾಟಲೀನಾದ 104 ಅಡಿಯ ರೆಕ್ಕೆ ಸುಮಾರು 17 ಅಂಗುಲ. ನಾವು ತಲೆಯೆತ್ತಿ ನೋಡಿದ ಬಾಹುಬಲಿ ಏಳೇ ಅಂಗುಲ! ರಟ್ಟಿನ ಹ್ಯಾಂಗರು, ಗಾಜಿನ ಕೆರೆ, ನೆಲಕ್ಕೆ ಜರಡಿ ಹಿಡಿದ ಜಂಬಿಟ್ಟಿಗೆಯ ಪುಡಿ, ಎಲ್ಲವೂ ಸಿದ್ಧವಾಗಿದ್ದವು. ಆದರೂ ಏನೋ ಬರಿದೆನಿಸಿತು.

“ಕೆಲಸಗಾರರೆಲ್ಲಿ?” ಎಂದೆ.

“ಮನುಷ್ಯ ಒಂದಂಗುಲವೂ ಆಗುವುದಿಲ್ಲ ಮಾವ, ಯಾರಿಗೂ ಕಾಣುವುದಿಲ್ಲ.”

“ಮುರಿದ ವಿಮಾನ ಮತ್ತೆ ಹಾರಿದ್ದು ಅವರ ಕೈಯಿಂದಲ್ಲವೇ?”

ಅವನು ಮಾತನಾಡಲಿಲ್ಲ. ಮರುದಿನ ಹೊರಡುವಾಗ ನೋಡಿದೆ: ರೆಕ್ಕೆಯ ನೆರಳಿನಲ್ಲಿ ಬಿದಿರುಕಡ್ಡಿಯಿಂದ ಕೊರೆದ ಮೂವರು ನಿಂತಿದ್ದರು. ಅವರನ್ನು ಕಾಣಲು ನಾವೆಲ್ಲರೂ ಬಾಗಬೇಕಾಯಿತು.