ನೆಲದಲ್ಲಿ ಹೂತ ಗುಡಾಣ

ದ್ರಾಕ್ಷಾಮದ್ಯವೆಂದೊಡನೆ ನೆನಪಾಗುವುದು ಫ್ರಾನ್ಸ್, ಇಟಲಿಗಳ ಹೆಸರು. ಆದರೆ ಅದರ ಅತಿ ಪ್ರಾಚೀನ ಕುರುಹುಗಳು ದೊರೆತಿರುವುದು ಕಾಕಸಸ್ ಪರ್ವತಗಳ ದಕ್ಷಿಣಕ್ಕಿರುವ ಪುಟ್ಟ ಜಾರ್ಜಿಯಾದಲ್ಲಿ. ಅಲ್ಲಿನ ದಿಬ್ಬಗಳಲ್ಲಿ ಸಿಕ್ಕ, ದ್ರಾಕ್ಷಾಮದ್ಯದ ಅಂಶವುಳ್ಳ ಮಡಕೆಯ ಚೂರುಗಳು ಸುಮಾರು 8,000 ವರ್ಷಗಳಷ್ಟು ಹಳೆಯವೆಂದು 2017ರಲ್ಲಿ ಸಂಶೋಧಕರು ಪ್ರಕಟಿಸಿದರು.

ನಾಡಿನ ಪೂರ್ವಕ್ಕಿರುವ ಕಖೇತಿಯ ಹಳ್ಳಿಮನೆಯನ್ನು ಹೊಕ್ಕ ಪ್ರವಾಸಿಗೆ ಮರದ ಪೀಪಾಯಿಗಳ ಬದಲು ನೆಲದಲ್ಲಿ ದುಂಡನೆಯ ಬಾಯಿಗಳು ಕಾಣುತ್ತವೆ. ಅವು ಕುತ್ತಿಗೆಯವರೆಗೆ ಹೂತಿಟ್ಟ, ಮೊಟ್ಟೆಯಾಕಾರದ ಮಣ್ಣಿನ ಗುಡಾಣಗಳು, ಹೆಸರು ಕ್ವೆವ್ರಿ. ರಸ, ಸಿಪ್ಪೆ, ಬೀಜಗಳನ್ನು ಒಟ್ಟಿಗೆ ತುಂಬಿ ಐದಾರು ತಿಂಗಳು ಮುಚ್ಚಿಡುತ್ತಾರೆ. ನೆಲದ ತಂಪಿನಲ್ಲಿ ಮಾಗಿ, ಬಿಳಿ ದ್ರಾಕ್ಷಿಯ ರಸವೂ ಜೇನಿನ ಬಣ್ಣವನ್ನು ತಳೆಯುತ್ತದೆ.

ಸೋವಿಯತ್ ಆಡಳಿತದ ಕಾಲದಲ್ಲಿ ಕಾರ್ಖಾನೆಗಳು ಬಯಸಿದ್ದು ಪ್ರಮಾಣವನ್ನು. ಗುಡಾಣದ ವಿದ್ಯೆ ಉಳಿದದ್ದು ರೈತರ ಮನೆಗಳಲ್ಲಿ. 2006ರಲ್ಲಿ ರಷ್ಯಾ ಈ ಮದ್ಯದ ಆಮದನ್ನು ನಿಷೇಧಿಸಿದಾಗ ಜಾರ್ಜಿಯಾದ ಮುಖ್ಯ ಮಾರುಕಟ್ಟೆಯೇ ಕೈತಪ್ಪಿತು. ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಅರಸಬೇಕಾಗಿ ಬಂದ ಆ ದಿನಗಳಲ್ಲಿ ದೂರದ ರಸಿಕರ ಗಮನವನ್ನು ಸೆಳೆದುದು ಈ ಹಳೆಯ ಗುಡಾಣವೇ. 2013ರಲ್ಲಿ ನಿಷೇಧ ತೆರವಾಯಿತು. ಅದೇ ವರ್ಷ ಯುನೆಸ್ಕೊ ಕ್ವೆವ್ರಿಯ ವಿಧಾನವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾರ್ಖಾನೆ ಕಡೆಗಣಿಸಿದ್ದನ್ನು ರೈತನ ಮನೆ ಕಾಪಾಡಿಕೊಂಡಿತ್ತು.