ಚಹಾಲಸ್ಯ

ಹೈದರಾಬಾದಿನಲ್ಲಿ ಇದ್ದುಕೊಂಡು ಚಹಾವನ್ನು ತಣ್ಣಗೆ ಕುಡಿಯುತ್ತೇನೆ ಎನ್ನುವುದು ಧಾರವಾಡದಲ್ಲಿ ನಿಂತು ಪೇಢೆಗೆ ಸಕ್ಕರೆ ಯಾಕ್ರೀ ಎಂದು ಕೇಳಿದ ಹಾಗೆ. ಯಾರೂ ಹೊಡೆಯಲು ಬರುವುದಿಲ್ಲ, ಆದರೆ ಒಂದು ಥರ ನೋಡುತ್ತಾರೆ. ಆ ನೋಟವನ್ನು ನಾನು ಸಾಕಷ್ಟು ಉಂಡಿದ್ದೇನೆ. ನಮ್ಮ ಗಲ್ಲಿಯ ತುದಿಯ ಇರಾನಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಹಿರಿಯರ ಹತ್ತಿರ ಒಮ್ಮೆ ಈ ವಿಷಯ ಎತ್ತಿದೆ. ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ, ‘ಠಂಡಾ ಚಾಯ್? ನಕ್ಕೋ ಮಿಯಾ’ ಎಂದು ಎಷ್ಟು ಮರುಕದಿಂದ ಹೇಳಿದರೆಂದರೆ, ನನಗೆ ನನ್ನ ಬಗ್ಗೆಯೇ ಅಯ್ಯೋ ಅನ್ನಿಸಿತು.

ಅವರ ಮರುಕಕ್ಕೆ ಕಾರಣವಿದೆ. ಈ ಊರಿನ ಚಹಾಕ್ಕೆ ಒಂದು ದರ್ಬಾರೇ ಇದೆ. ಡಿಕಾಕ್ಷನ್ನು ಹಂಡೆಯೊಂದರಲ್ಲಿ ಬಾಯಿ ಮುಚ್ಚಿಕೊಂಡು ದಮ್ಮಿನಲ್ಲಿ ಕೂತಿರುತ್ತದೆ. ಹಾಲು ಪಕ್ಕದ ಒಲೆಯ ಮೇಲೆ ತನ್ನ ಪಾಡಿಗೆ ತಾನು ಕುದ್ದು ಗಟ್ಟಿಯಾಗುತ್ತಿರುತ್ತದೆ. ಗಿರಾಕಿ ಬಂದ ಮೇಲಷ್ಟೇ ಕಪ್ಪಿನಲ್ಲಿ ಇಬ್ಬರ ಭೇಟಿ. ಜೊತೆಗೆ ಉಸ್ಮಾನಿಯಾ ಬಿಸ್ಕತ್ತು, ಸಿಹಿಯೊಳಗೆ ಒಂದಿಷ್ಟು ಉಪ್ಪು ಅಡಗಿಸಿಕೊಂಡದ್ದು. ಚಾರ್‌ಮಿನಾರಿನ ನೆರಳಿಗೆ ಅಂಟಿಕೊಂಡಿರುವ ನಿಮ್ರಾ ಹೋಟೆಲಿನಲ್ಲಿ ಬೆಳಗಿನ ಜಾವವೇ ಜನ ನಿಂತು ಸಾಸರಿಗೆ ಸುರಿದು ಊದಿ ಊದಿ ಕುಡಿಯುತ್ತಾರೆ. ಮೇ ತಿಂಗಳಲ್ಲಿ, ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನದಲ್ಲೂ ಊದಿಯೇ ಕುಡಿಯುತ್ತಾರೆ. ಬಿಸಿಪಂಥಿಗಳ ಈ ನಿಷ್ಠೆಗೆ ನನ್ನದೊಂದು ಸಲಾಮು. ನಾನು ಕಲಬುರಗಿ ಕಡೆಯವನು, ಬಿಸಿಲು ನನಗೆ ಹೊಸದಲ್ಲ. ಆದರೆ ಬಿಸಿಲಿನಲ್ಲಿ ಹುಟ್ಟಿದವನು ಬಿಸಿಲನ್ನೇ ಕುಡಿಯಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲವಲ್ಲ.

ಮರೆತುಹೋಗಿ ತಣ್ಣಗಾದ ಚಹಾ ಬೇರೆ, ಬೇಕೆಂದು ತಣ್ಣಗಾಗಿಸಿದ ಚಹಾ ಬೇರೆ. ಮೊದಲನೆಯದು ಕೆಲಸದಲ್ಲಿ ಮುಳುಗಿದವರ ಮೇಜಿನ ಮೇಲೆ ಕೆನೆಗಟ್ಟಿಕೊಂಡು ಕೂತಿರುತ್ತದೆ. ಎರಡನೆಯದಕ್ಕೆ ಕೆಲಸವಿಲ್ಲದವರು ಬೇಕು. ನನ್ನಲ್ಲಿ ಆ ಅರ್ಹತೆ ಧಾರಾಳವಾಗಿದೆ. ಎಲೆ ನೆನೆಯುವುದನ್ನು ನೋಡುತ್ತಾ ಕೂರುವ, ಪುದೀನಾ ಕಟ್ಟು ಬಿಚ್ಚಿ ಮೂಸಿ ಮತ್ತೆ ಕಟ್ಟುವ, ನಿಂಬೆಹಣ್ಣನ್ನು ಮೇಜಿನ ಮೇಲೆ ಅಂಗೈಯಲ್ಲಿ ಉರುಳಿಸುತ್ತಾ ಯಾವುದೋ ಹಳೆಯ ಜಗಳ ನೆನೆಯುವ ಈ ಸ್ಥಿತಿಗೆ ಚಹಾಲಸ್ಯ ಎಂದು ನಾನೇ ಹೆಸರಿಟ್ಟುಕೊಂಡಿದ್ದೇನೆ. ವೈದ್ಯರು ಇದನ್ನು ರೋಗವೆಂದು ಇನ್ನೂ ಒಪ್ಪಿಲ್ಲ. ಮನೆಯವಳು ಒಪ್ಪಿದ್ದಾಳೆ.

ತಂಪುಚಹಾ ಅಮೆರಿಕದವರದು ಎಂದು ಮೂಗು ಮುರಿಯುವವರಿಗೆ ಒಂದು ಕಥೆ ಹೇಳಬೇಕು. 1904ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ದೊಡ್ಡದೊಂದು ಜಾಗತಿಕ ಮೇಳ ನಡೆಯಿತು. ಅಲ್ಲಿ ರಿಚರ್ಡ್ ಬ್ಲೆಚಿಂಡೆನ್ ಎಂಬಾತ ಚಹಾದ ಪ್ರಚಾರಕ್ಕೆ ಕೂತಿದ್ದ. ಯಾವ ಚಹಾ ಅಂತೀರಿ? ನಮ್ಮ ಹಿಂದೂಸ್ತಾನದ್ದೇ. ಬಿಸಿಲೋ ಬಿಸಿಲು, ಬಿಸಿ ಚಹಾದ ಕಡೆ ಯಾರೂ ಸುಳಿಯಲಿಲ್ಲವಂತೆ. ಆತ ಅದನ್ನೇ ಮಂಜುಗಡ್ಡೆಯ ಮೇಲೆ ಸುರಿಸಿ ಕೊಟ್ಟನಂತೆ, ಜನ ಮುಗಿಬಿದ್ದರಂತೆ. ಹೀಗೆ ಐಸ್ ಟೀ ಹುಟ್ಟಿತು ಎನ್ನುತ್ತಾರೆ. ಕಥೆ ಚೆನ್ನಾಗಿದೆ, ಆದರೆ ಹುಟ್ಟಿದ್ದು ಮಾತ್ರ ಅಂದಲ್ಲ. ಅದಕ್ಕೂ ಇಪ್ಪತ್ತೈದು ವರ್ಷ ಮೊದಲು, 1879ರಲ್ಲಿ ಅಚ್ಚಾದ ವರ್ಜೀನಿಯಾದ ಒಂದು ಅಡುಗೆ ಪುಸ್ತಕದಲ್ಲಿ ಮೇರಿಯನ್ ಕ್ಯಾಬೆಲ್ ಟೈರಿ ಎಂಬಾಕೆ ಹಸಿರು ಚಹಾ, ಮಂಜುಗಡ್ಡೆ, ಸಕ್ಕರೆ, ನಿಂಬೆ ಎಲ್ಲವನ್ನೂ ಬರೆದಿಟ್ಟಿದ್ದಳು. ಮನೆಯ ಹೆಂಗಸು ಮಾಡಿಟ್ಟದ್ದನ್ನು ಮೇಳದಲ್ಲಿ ಹಂಚಿದವನು ಹೆಸರು ಹೊಡೆದುಕೊಂಡ. ಅಡುಗೆಮನೆಯ ಚರಿತ್ರೆಯೆಲ್ಲ ಹೀಗೇ ಇದೆ, ಬಿಡಿ. ಇನ್ನು ಮಂಜುಗಡ್ಡೆಯ ವಿಷಯಕ್ಕೆ ಬಂದರೆ, ಅದೂ ಒಂದು ಕಾಲಕ್ಕೆ ಅಲ್ಲಿಂದಲೇ ನಮಗೆ ಬಂದದ್ದು. 1833ರಲ್ಲಿ ಬಾಸ್ಟನ್ನಿನಿಂದ ಕೆರೆಯ ಮಂಜು ಹೊತ್ತ ಹಡಗೊಂದು ನಾಲ್ಕು ತಿಂಗಳು ತೇಲಿ ಕಲ್ಕತ್ತೆ ಮುಟ್ಟಿತು. ಸರಕಿನ ಒಂದು ಭಾಗ ದಾರಿಯಲ್ಲೇ ಕರಗಿ ಸಮುದ್ರಕ್ಕೆ ಸೇರಿತ್ತು. ಉಳಿದದ್ದಕ್ಕೆ ಸಾಹೇಬರು ಸಾಲು ನಿಂತರು. ನನ್ನ ಫ್ರಿಜ್ಜಿನ ತಟ್ಟೆಯಿಂದ ಗಡ್ಡೆ ಬಿಡಿಸುವಾಗ ಒಂದೆರಡು ನೆಲಕ್ಕೆ ಬಿದ್ದು ಜಾರಿ ಸೋಫಾದಡಿ ಸೇರಿದರೆ ಆ ಹಡಗಿನ ನಷ್ಟ ನೆನೆದು ಸಮಾಧಾನ ಮಾಡಿಕೊಳ್ಳುತ್ತೇನೆ.

ಆದರೆ ಹೈದರಾಬಾದಿಗೆ ತಂಪುಚಹಾದ ಅಜ್ಜ ಅಮೆರಿಕದವನಲ್ಲ, ಸುಲೈಮಾನಿ. ಹಾಲಿಲ್ಲದ ಕೆಂಪು ಚಹಾ, ನಿಂಬೆ, ಪುದೀನಾ, ಕೈ ಬಿಚ್ಚಿದರೆ ಏಲಕ್ಕಿ. ಮದುವೆಯಲ್ಲಿ ಬಿರಿಯಾನಿ ಮುಗಿಸಿ, ಉಸಿರು ಎಲ್ಲಿ ಇಡಬೇಕೆಂದು ತಿಳಿಯದೆ ಕೂತವರ ಮುಂದೆ ಇದು ಸಣ್ಣ ಗ್ಲಾಸಿನಲ್ಲಿ ಬರುತ್ತದೆ. ನಿಜಾಮರ ಸೈನ್ಯಕ್ಕೆಂದು ಯೆಮೆನ್ನಿನಿಂದ ಬಂದ ಅರಬರ ಮೊಮ್ಮಕ್ಕಳು ಇವತ್ತಿಗೂ ಈ ಊರಿನ ಬಾರ್ಕಸ್‌ನಲ್ಲಿದ್ದಾರೆ. ನಮ್ಮ ಕಡಲ ಕಡೆಯೂ, ಭಟ್ಕಳದಿಂದ ಮಂಗಳೂರು, ಕಾಸರಗೋಡಿನವರೆಗೆ, ಸುಲೈಮಾನಿ ಮನೆಮಾತು. ಅರಬ್ಬಿ ಸಮುದ್ರದ ಆಚೆಗೂ ಈಚೆಗೂ ಓಡಾಡಿದ ಪೇಯವದು. ನಾನು ಮಾಡಿರುವುದು ಇಷ್ಟೇ: ಅದಕ್ಕೆ ಸ್ವಲ್ಪ ಚಳಿ ಹಿಡಿಸಿದ್ದೇನೆ.

ನೀರಿನ ವಿಷಯ ಹೇಳದೆ ಮುಂದೆ ಹೋದರೆ ಈ ಊರು ಕ್ಷಮಿಸುವುದಿಲ್ಲ. ಗಂಡಿಪೇಟೆ ನೀರು ಕುಡಿದವನು ಹೈದರಾಬಾದು ಬಿಟ್ಟು ಹೋಗಲಾರ ಎಂದು ಇಲ್ಲಿನ ಹಳಬರು ಹೇಳುತ್ತಾರೆ. ಗಂಡಿಪೇಟೆ ಅಂದರೆ ಉಸ್ಮಾನ್ ಸಾಗರ. 1908ರಲ್ಲಿ ಮೂಸಿ ನದಿ ಉಕ್ಕಿ ಊರನ್ನು ತೊಳೆದುಹಾಕಿದ ಮೇಲೆ ಕಟ್ಟಿದ ಕೆರೆ, 1920ರಲ್ಲಿ ಮುಗಿಯಿತು. ಈಗ ಊರು ಆ ನೀರಿಗೆ ಮೀರಿ ಬೆಳೆದಿದೆ. ಮಂಜೀರಾದ ನೀರು ಬರುತ್ತದೆ, ಕೃಷ್ಣೆಯದು ಬರುತ್ತದೆ, ಗೋದಾವರಿಯದೂ ಬರುತ್ತದೆ. ಮಂಜೀರಾ ಬೀದರ ಜಿಲ್ಲೆ ಹಾದು ಬರುವವಳು. ಕೃಷ್ಣೆ ಆಲಮಟ್ಟಿ, ನಾರಾಯಣಪುರದಲ್ಲಿ ತಂಗಿ, ರಾಯಚೂರಿನ ಸೀಮೆ ಸವರಿಕೊಂಡು ಬರುವವಳು. ಕಾಚಿಗೂಡದ ಸುತ್ತ ನೆಲೆ ನಿಂತು ಅಲ್ಲೇ ಕರ್ನಾಟಕ ಸಾಹಿತ್ಯ ಮಂದಿರ ಕಟ್ಟಿ, ನೃಪತುಂಗನ ಹೆಸರಿನಲ್ಲಿ ಶಾಲೆ ತೆರೆದ ಕನ್ನಡಿಗರೂ ಹೆಚ್ಚುಕಡಿಮೆ ಇದೇ ದಾರಿಗಳಲ್ಲಿ ಇಳಿದು ಬಂದವರು. 1956ರ ವರೆಗೆ ಬೀದರ, ಕಲಬುರಗಿ, ರಾಯಚೂರುಗಳಿಗೆಲ್ಲ ಈ ಊರೇ ರಾಜಧಾನಿಯಾಗಿತ್ತಲ್ಲ. ಹಾಗಾಗಿ ನಲ್ಲಿ ತಿರುಗಿಸಿ ಜಾಡಿ ತುಂಬುವಾಗ ನನಗೆ ನೆಂಟರು ಬಂದ ಹಾಗಾಗುತ್ತದೆ. ಬೇಸಿಗೆಯಲ್ಲಿ ನಲ್ಲಿ ಕೈಕೊಟ್ಟು ಟ್ಯಾಂಕರಿನ ಬೋರ್ ನೀರು ಬಂದರೆ ಆ ಸಡಗರ ಇಲ್ಲ. ದಖ್ಖನ್ನಿನ ಬಂಡೆಗಳಡಿಯ ಆ ಗಡಸು ನೀರಿನಲ್ಲಿ ಚಹಾ ಮಾಡಿದರೆ ಮೇಲೊಂದು ಎಣ್ಣೆಯಂಥ ಪೊರೆ ಕಟ್ಟುತ್ತದೆ. ಸುಣ್ಣದ ಅಂಶದ ಕಿತಾಪತಿ ಅದು. ನಿಂಬೆಯ ಹುಳಿ ಬಿದ್ದರೆ ಪೊರೆ ಮಾಯ.

ನಿಂಬೆ ಮಾಡುವ ಇನ್ನೊಂದು ಕಣ್ಕಟ್ಟನ್ನು ನಾನು ಎಷ್ಟು ಸಲ ನೋಡಿದರೂ ದಣಿಯುವುದಿಲ್ಲ. ಗಾಜಿನ ಜಾಡಿಯಲ್ಲಿ ಕಡುಗೆಂಪಗೆ, ಸ್ವಲ್ಪ ಸಿಡುಕು ಮುಖ ಮಾಡಿಕೊಂಡು ಕೂತಿರುವ ಚಹಾಕ್ಕೆ ಅರ್ಧ ಹೋಳು ಹಿಂಡಿ. ರಸ ಇಳಿದಲ್ಲೆಲ್ಲ ಬಣ್ಣ ತಿಳಿಯಾಗುತ್ತಾ ಹೋಗಿ ಇಡೀ ಜಾಡಿ ಹೊಂಬಣ್ಣಕ್ಕೆ ತಿರುಗುತ್ತದೆ. ಚಹಾದ ಬಣ್ಣದ ಕಣಗಳು ಹುಳಿ ಸೋಕಿದೊಡನೆ ತಮ್ಮ ಗಾಢತನ ಬಿಟ್ಟುಕೊಡುತ್ತವೆ ಎಂದು ರಸಾಯನಶಾಸ್ತ್ರದವರ ವಿವರಣೆ. ಸರಿ, ಇರಲಿ. ಆದರೆ ನಾನು ಈ ವಿದ್ಯಮಾನವನ್ನು ಮಧ್ಯಾಹ್ನ ಎರಡೂವರೆಗೆ, ಕಿಟಕಿಯ ಬಿಸಿಲಿಗೆ ಹಿಡಿದು ನೋಡುತ್ತೇನೆ. ಅವರು ಆ ಹೊತ್ತಿನಲ್ಲಿ ಆಫೀಸಿನಲ್ಲಿರುತ್ತಾರೆ, ಪಾಪ.

ಬಿಸಿ ಚಹಾ ಮಾಡಿ ಫ್ರಿಜ್ಜಿಗೆ ತಳ್ಳಿದರೆ ಅದು ಮಬ್ಬಾಗುತ್ತದೆ. ಬಿಸಿಯಲ್ಲಿ ತಮ್ಮ ತಮ್ಮ ಪಾಡಿಗೆ ತಿರುಗಾಡಿಕೊಂಡಿದ್ದ ಕೆಫೀನು ಮತ್ತು ಒಗರಿನ ಅಂಶಗಳು ಚಳಿಯಾದೊಡನೆ ಒಂದನ್ನೊಂದು ತಬ್ಬಿಕೊಳ್ಳುತ್ತವೆ. ಆ ಆಲಿಂಗನವೇ ಮಬ್ಬು. ರುಚಿಗೆ ಹಾನಿಯಿಲ್ಲ, ಕಣ್ಣಿಗೆ ಮಾತ್ರ ಬೇಸರ. ನಾಲ್ಕು ಚಮಚ ಬಿಸಿನೀರು ಹಾಕಿದರೆ ಮತ್ತೆ ತಿಳಿಯಾಗುತ್ತದೆ. ನನ್ನಂಥ ಚಹಾಲಸಿಗೆ ಅದಕ್ಕಿಂತ ಒಳ್ಳೆಯ ಹಾದಿಯಿದೆ, ಒಲೆಯನ್ನೇ ಹಚ್ಚದಿರುವುದು. ಒಂದು ಲೀಟರ್ ತಣ್ಣೀರಿಗೆ ನಾಲ್ಕು ಟೀ ಚಮಚ ಎಲೆ, ರಾತ್ರಿ ಫ್ರಿಜ್ಜಿನಲ್ಲಿಟ್ಟು ಮಲಗಿದರೆ ಎಂಟು ಗಂಟೆಯಲ್ಲಿ ನಿದ್ದೆಯೂ ಆಗುತ್ತದೆ, ಚಹಾವೂ ಆಗುತ್ತದೆ. ಒಗರು ಕಡಿಮೆ, ಮಬ್ಬಿಲ್ಲ. ಅಮೆರಿಕದಲ್ಲಿ ಕೆಲವರು ಜಾಡಿಯನ್ನು ಬಿಸಿಲಿಗಿಟ್ಟು ಚಹಾ ಇಳಿಸುತ್ತಾರಂತೆ. ನಮ್ಮ ತಾರಸಿಯ ಏಪ್ರಿಲ್ ಬಿಸಿಲನ್ನು ನೋಡಿದಾಗ ನನಗೂ ಆಸೆಯಾಗುತ್ತದೆ. ಆದರೆ ಆ ಉಗುರುಬೆಚ್ಚನೆಯಲ್ಲಿ ಚಹಾಕ್ಕಿಂತ ಚುರುಕಾಗಿ ಬ್ಯಾಕ್ಟೀರಿಯಾಗಳು ಬೆಳೆಯಬಹುದು ಎಂದು ಬಲ್ಲವರು ಎಚ್ಚರಿಸುತ್ತಾರೆ. ಬಿಸಿಲು ಸಂಡಿಗೆಗಿರಲಿ.

ಎಲೆ ನೀಲಗಿರಿಯದಾದರೆ ಉತ್ತಮ. ಆ ಚಹಾ ತಣ್ಣಗಾದರೂ ಮಬ್ಬಾಗುವುದು ಕಡಿಮೆ, ಹೂವಿನ ವಾಸನೆಯೂ ಒಂದಿಷ್ಟು ಇರುತ್ತದೆ. ಚಿಕ್ಕಮಗಳೂರಿನ ಕೆಳಗೂರಿನ ಚಹಾ ಸಿಕ್ಕಾಗ ಅದನ್ನೂ ತರುತ್ತೇನೆ. ಕಾಫಿಯ ನಾಡಿನಲ್ಲಿ ಹುಟ್ಟಿ ಚಹಾ ಆಗಲು ಧೈರ್ಯ ಬೇಕು. ಆ ಧೈರ್ಯಕ್ಕೆ ನಮ್ಮ ಬೆಂಬಲವಿರಲಿ. ಇರಾನಿ ಹೋಟೆಲಿನ ಪುಡಿಚಹಾ ಮಾತ್ರ ಬೇಡ. ಅದು ಎಮ್ಮೆಹಾಲಿನ ಜೊತೆ ಕುಸ್ತಿಗೆಂದೇ ತಯಾರಾದ ಪೈಲ್ವಾನ. ಎದುರಾಳಿ ಇಲ್ಲದಿದ್ದರೆ ನಿಮ್ಮ ನಾಲಗೆಯನ್ನೇ ಹಿಡಿಯುತ್ತದೆ.

ಹಣ್ಣಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ನಾನು ಬತ್ತಾಯಿ ಪಕ್ಷ. ನಮ್ಮ ಮೂಸಂಬಿಯನ್ನು ಇಲ್ಲಿ ಬತ್ತಾಯಿ ಎನ್ನುತ್ತಾರೆ. ನಲಗೊಂಡ ಜಿಲ್ಲೆಯ ತೋಟಗಳಿಂದ ಬಂದು ಬಂಡಿಗಳ ಮೇಲೆ ಹಸಿರು-ಹಳದಿ ಗುಡ್ಡವಾಗಿ ನಿಲ್ಲುತ್ತದೆ. ಸಾಧು ಹಣ್ಣು, ಜಗಳ ಗೊತ್ತಿಲ್ಲ. ಆದರೆ ಹಿಂಡಿಟ್ಟರೆ ಹೊತ್ತು ಹೋದಂತೆ ಕಹಿಯಾಗುತ್ತದೆ, ಆದ್ದರಿಂದ ಗ್ಲಾಸಿಗೆ ಸುರಿಯುವಾಗಲೇ ಹಿಂಡಬೇಕು. ಹೆಂಡತಿಯ ತವರು ಸಾಗರದ ಕಡೆ. ಅವಳ ಪ್ರಕಾರ ಗಜನಿಂಬೆಯ ಸಿಪ್ಪೆ ತುರಿಯದ ಪಾನಕ ಪಾನಕವೇ ಅಲ್ಲ. ಊರಿಗೆ ಹೋಗಿ ಕಾಚಿಗೂಡ ಎಕ್ಸ್‌ಪ್ರೆಸ್ಸಿನಲ್ಲಿ ಮರಳುವಾಗ ಅವಳ ಚೀಲದಲ್ಲಿ ಬಟ್ಟೆಗಿಂತ ಗಜನಿಂಬೆ, ಮಜ್ಜಿಗೆಹುಲ್ಲು, ಹೇರಳೆಕಾಯಿಗಳೇ ಹೆಚ್ಚು. ಬೋಗಿಯಿಡೀ ಮಲೆನಾಡಿನ ವಾಸನೆ ಹೊಡೆಯುತ್ತಿತ್ತು ಎಂದು ಹೆಮ್ಮೆಯಿಂದ ವರದಿ ಮಾಡುತ್ತಾಳೆ. ಸಹಪ್ರಯಾಣಿಕರ ಅಭಿಪ್ರಾಯ ವರದಿಯಲ್ಲಿ ಇರುವುದಿಲ್ಲ. ಸಿಪ್ಪೆ ತುರಿಯುವಾಗ ಬಣ್ಣದ ಮೇಲ್ಪದರ ಮಾತ್ರ ತೆಗೆದು ಒಳಗಿನ ಬಿಳಿಯನ್ನು ಬಿಡಬೇಕು, ಕಹಿಯ ಸಂಸಾರ ಇರುವುದು ಅಲ್ಲಿ. ಈ ಒಂದು ವಿಷಯದಲ್ಲಿ ಎರಡೂ ಪಕ್ಷಗಳಿಗೆ ಒಮ್ಮತವಿದೆ.

ಪುದೀನಾ ಹೈದರಾಬಾದಿನ ರಾಷ್ಟ್ರೀಯ ಸೊಪ್ಪು. ಬಿರಿಯಾನಿ ಇರುವಲ್ಲಿ ಪುದೀನಾ ಇರಲೇಬೇಕಲ್ಲ. ಸಿಕಂದರಾಬಾದಿನ ಮೊಂಡಾ ಮಾರ್ಕೆಟ್ಟಿನಲ್ಲಿ ಒದ್ದೆ ಗೋಣಿಯ ಮೇಲೆ ಕಟ್ಟುಕಟ್ಟಾಗಿ ಬಿದ್ದಿರುತ್ತದೆ. ಅದನ್ನು ಕುಟ್ಟಬಾರದು, ಅರೆಯಬಾರದು. ಅದರ ಪರಿಮಳದ ಎಣ್ಣೆ ಎಲೆಯ ಮೈಮೇಲಿನ ಸಣ್ಣ ಗ್ರಂಥಿಗಳಲ್ಲೇ ಇದೆ. ಜಜ್ಜಿದರೆ ಒಳಗಿನ ಹಸಿರು ಕಹಿಯೂ ಹೊರಬಂದು ಚಹಾ ಕಷಾಯವಾಗುತ್ತದೆ. ಎಲೆಯನ್ನು ಅಂಗೈಯ ಮೇಲಿಟ್ಟು ಇನ್ನೊಂದು ಅಂಗೈಯಿಂದ ಒಂದೇ ಒಂದು ಚಪ್ಪಾಳೆ ಹೊಡೆದರೆ ಸಾಕು. ಒಬ್ಬನೇ ಅಡುಗೆಮನೆಯಲ್ಲಿ ನಿಂತು ಆಗಾಗ ಚಪ್ಪಾಳೆ ತಟ್ಟುವುದನ್ನು ಎದುರು ಫ್ಲಾಟಿನವರು ಗಮನಿಸಿದ್ದಾರೆ. ಏನೂ ಕೇಳಿಲ್ಲ, ಒಳ್ಳೆಯ ಜನ. ಮಜ್ಜಿಗೆಹುಲ್ಲನ್ನು ಗಂಟು ಹಾಕಿ ಜಾಡಿಗೆ ಇಳಿಬಿಡುತ್ತೇವೆ. ತುಳಸಿ ಹಾಕಿದರೆ ನನಗೆ ತೀರ್ಥದ ನೆನಪಾಗಿ ಬಲಗೈ ಮುಂದೆ ಹೋಗುತ್ತದೆ, ಅದಕ್ಕೆ ಹಾಕುವುದಿಲ್ಲ. ಕಾಮಕಸ್ತೂರಿ ಬೀಜ ಮಾತ್ರ ಒಂದು ಚಮಚ ಇರಲೇಬೇಕು. ಫಲೂದಾದಲ್ಲಿ ಕಂಡಿದ್ದೀರಲ್ಲ, ಅದೇ. ನೀರು ಕುಡಿದು ಉಬ್ಬಿ, ನುಣುಪು ಕೋಟು ತೊಟ್ಟು, ಗ್ಲಾಸಿನಲ್ಲಿ ಮೇಲೂ ಅಲ್ಲದೆ ಕೆಳಗೂ ಅಲ್ಲದೆ ನಡುವೆ ನಿಂತಿರುತ್ತವೆ. ಹಲ್ಲಿಗೆ ಸಿಕ್ಕರೆ ಕಟಕ್, ಸಿಗದಿದ್ದರೆ ಜಾರಿ ಒಳಗೆ. ಪುಷ್ಟಿಯೋ ಪಥ್ಯವೋ, ಅದರ ಗೊಡವೆ ನನಗಿಲ್ಲ. ಆ ಆಟಕ್ಕಾಗಿ ಹಾಕುತ್ತೇನೆ.

ಸಕ್ಕರೆ ತಣ್ಣೀರಿನಲ್ಲಿ ಕರಗುವುದಕ್ಕೆ ಸತಾಯಿಸುತ್ತದೆ. ತಳದಲ್ಲಿ ಮರಳಾಗಿ ಕೂತು, ಕೊನೆಯ ಗುಟುಕಿನಲ್ಲಿ ಒಮ್ಮೆಲೇ ಬಾಯಿಗೆ ಬರುತ್ತದೆ. ಸಮಸಮ ನೀರು ಸೇರಿಸಿ ತೆಳು ಪಾಕ ಮಾಡಿಟ್ಟುಕೊಂಡರೆ ತೀರಿತು. ಒಲೆ ಹಚ್ಚುವುದು ಈ ಒಂದಕ್ಕೆ ಮಾತ್ರ, ಅದನ್ನೂ ಯಾರಾದರೂ ಮಾಡಿಕೊಟ್ಟರೆ ನಾನು ತಡೆಯುವುದಿಲ್ಲ. ಅಂಗಡಿಯ ಬಾಟಲಿಯ ಐಸ್ ಟೀ ಮಾತ್ರ ನನಗೆ ಒಗ್ಗಲಿಲ್ಲ. ಅದರಲ್ಲಿ ಸಕ್ಕರೆಯ ಮಾತೇ ಜೋರು, ಚಹಾ ಮೂಲೆಯಲ್ಲಿ ನಿಂತು ತಲೆಯಾಡಿಸುತ್ತಿರುತ್ತದೆ.

ಈ ಊರಿಗೆ ಬಂದರೆ ಮೊದಲು ಇರಾನಿ ಹೋಟೆಲಿಗೆ ಹೋಗಿ ಬಿಸಿ ಚಹಾವನ್ನೇ ಕುಡಿಯಿರಿ, ಊದಿ ಊದಿ. ಅದನ್ನು ತಪ್ಪಿಸಿಕೊಂಡವರಿಗೆ ನಾನು ತಂಪುಚಹಾ ಕೊಡುವುದಿಲ್ಲ. ಆಮೇಲೆ ನಮ್ಮ ಮನೆಗೆ ಬನ್ನಿ. ಬತ್ತಾಯಿಯೋ ಗಜನಿಂಬೆಯೋ ಎಂಬುದನ್ನು ಬಾಗಿಲಲ್ಲೇ ಹೇಳಬೇಡಿ, ಮನೆ ಒಡೆಯುತ್ತದೆ. ಬರುವುದನ್ನು ಮಾತ್ರ ಹಿಂದಿನ ದಿನವೇ ತಿಳಿಸಿ, ಎಲೆ ರಾತ್ರಿಯಿಡೀ ನೆನೆಯಬೇಕು.