ಅತ್ತೆಗೆ ನವರಂಗ ಹಕ್ಕಿ ತೋರ್ಸಿದ್ದು

ನವರಂಗ ಹಕ್ಕಿಯ ಪಟ ಹೇಂಗೆ ತೆಗದ್ದು ಹೇಳಿ ಮೊನ್ನೆ ಪೂಜೆಗೆ ಬಂದ ಅಕ್ಕಂದ್ರು, ಚಿಕ್ಕಮ್ಮಂದ್ರು ಎಲ್ಲೋರೂ ಕೇಳಿದವು. ಒಬ್ಬೊಬ್ಬರತ್ರೆ ಹೇಳುದರ ಬದಲು ಇಲ್ಲಿ ಬರದರೆ ಎಲ್ಲೋರಿಂಗೂ ಆತನ್ನೆ!

ಎಂಗಳ ಅತ್ತೆ ಬಿದ್ದು ಸೊಂಟದ ಎಲುಬು ಮುರುದ ಮತ್ತೆ ಜಾಲಿಂಗೆ ಇಳಿವಲೆ ಎಡಿತ್ತಿಲ್ಲೆ. ಮದಲು ಉದಿಯಪ್ಪಗ ಎದ್ದ ಕೂಡ್ಲೆ ಹಿತ್ತಿಲಿಲಿ ಹಕ್ಕಿಗೊಕ್ಕೆ ನೀರು ಮಡುಗಿಕ್ಕಿಯೇ ಅವಕ್ಕೆ ಕಾಪಿ. ಈಗ ಕಿಟಿಕಿಲಿ ಬಪ್ಪ ಸ್ವರ ಮಾಂತ್ರ. "ಅದಾ, ನವರಂಗ ಬಂತು! ಈ ಸರ್ತಿ ಅದರ ಒಂದರಿ ನೋಡ್ಲೆಡಿಗೋ ಕೂಸೇ?" ಹೇಳಿ ಕೇಳಿದವು. ಎನಗೆ ಕರುಳು ಚುರುಕ್ ಹೇಳಿತ್ತು.

ನವರಂಗ ಚಳಿಗಾಲಕ್ಕೆ ಬಡಗಂದ ನಮ್ಮ ಹೊಡೆಂಗೆ ಬತ್ತು, ಬೇಸಗೆಲಿ ಮರಿ ಮಾಡ್ಲೆ ತಿರುಗಿ ಹೋವುತ್ತು. ಉದಿಯಪ್ಪಗ, ಕಸ್ತಲಪ್ಪಗ ಎರಡು ಸ್ವರಲ್ಲಿ ಸಿಳ್ಳೆ ಹಾಕುತ್ತು. ತರಗೆಲೆ ಒಕ್ಕಿ ಹುಳು ತಿಂಬದು ನೆಲಲ್ಲೇ. ಹಾಂಗಾಗಿ ಕೆಮರವೂ ನೆಲಕ್ಕೆ ಹತ್ತರೆಯೇ ಬೇಕು.

ತೋಟಕ್ಕೆ ಹಂದಿ ಬಪ್ಪದರ ನೋಡ್ಲೆ ಭಾವ ತಂದ ಕೆಮರವ ಕೇಳಿ ತೆಕ್ಕೊಂಡೆ. ಮೈಬೆಶಿ ಇಪ್ಪದು ಎಂತಾರು ಹಂದಿರೆ ಅದು ತನ್ನಷ್ಟಕ್ಕೆ ಪಟ ತೆಗೆತ್ತು. ಅಡಕ್ಕೆ ಮರದ ಬುಡಕ್ಕೆ, ನೆಲಂದ 1 ಅಡಿ ಎತ್ತರಲ್ಲಿ ಕಟ್ಟಿದೆ. ಮೇಗಂದ ಕೆಳ ನೋಡುವ ಹಾಂಗೆ ಕಟ್ಟಿರೆ ಬೆನ್ನು ಮಾಂತ್ರ ಕಾಂಗು, ಹೊಟ್ಟೆಯ ಕೆಂಪು ಕಾಣ. ನೀರಿನ ಚಟ್ಟಿ 6 ಅಡಿ ದೂರಲ್ಲಿ. ತೀರಾ ಹತ್ತರೆ ಆದರೆ ಪಟ ಮಸುಕು, ದೂರ ಆದರೆ ಸಣ್ಣ ಹಕ್ಕಿ ಬಂದದು ಕೆಮರಕ್ಕೆ ಗೊಂತೇ ಆಗ. ಮೋರೆ ಬಡಗಂಗೆ ಇರಲಿ. ಮೂಡಂಗೋ ಪಡುವಂಗೋ ತಿರುಗುಸಿರೆ ಉದಿಯಪ್ಪಗಾಣ, ಹೊತ್ತೋಪಗಾಣ ಬೆಶಿಲು ಕಣ್ಣಿಂಗೇ ಹೊಡೆತ್ತು. ಎದುರು ಬಾಳೆ ಗೆಡು ಇಪ್ಪಲಾಗ. ಬೆಶಿಲಿಂಗೆ ಕಾದ ಎಲೆ ಗಾಳಿಗೆ ಹಂದಿರೂ ಪಟ ತೆಗವದೇ!

ಚಟ್ಟಿಲಿ ನೀರು 2 ಇಂಚಿಂದ ಹೆಚ್ಚು ಬೇಡ, ಕೂಪಲೆ ಒಂದು ಕಲ್ಲು ಮಡುಗಿ. ನಿತ್ಯ ನೀರು ಬದಲುಸೆಕ್ಕು, ಇಲ್ಲದ್ರೆ ನುಸಿ.

ಇನ್ನೊಂದು ಮುಖ್ಯ ವಿಷಯ. ಆಚೆಮನೆಯ ಬಚ್ಚಲು, ಬಾವಿಕಟ್ಟೆ, ದಾರಿ ಯಾವುದೂ ಪಟಲ್ಲಿ ಬಪ್ಪಲಾಗ. ಆನು ಕಟ್ಟುವ ಮದಲೇ ಆಚೆಮನೆ ಅಕ್ಕನ ದಿನುಗೇಳಿ ತೋರ್ಸಿದೆ. ಗೂಡಿನ ಹತ್ತರೆಯೂ ಕಟ್ಟೆಡಿ. ನಾವು ಹೋಗಿ ಬಂದು ಮಾಡಿರೆ ಕಾಕೆಗೆ, ಪುಚ್ಚೆಗೆ ಜಾಗೆ ಗೊಂತಕ್ಕು. ಅಬ್ಬೆ ಹಕ್ಕಿ ಹೆದರಿ ಬಿಟ್ಟೇ ಹೋಕು.

ಎಂಟು ದಿನ ಮಡಿವಾಳ ಹಕ್ಕಿ, ಪಿಕಳಾರ, ಆಚೆಮನೆ ಪುಚ್ಚೆ. ಒಂಬತ್ತನೇ ದಿನ ಉದಿಯಪ್ಪಗ ಬಂತು ನವರಂಗ! ಕಣ್ಣಿಂಗೆ ಕಪ್ಪು ಪಟ್ಟಿ, ಹಸುರು ಬೆನ್ನು, ಬೀಲದ ಅಡಿ ಕುಂಕುಮ ಹಾಕಿದ ಹಾಂಗೆ. ಅತ್ತೆ ಮೊಬೈಲಿನ ಎರಡು ಕೈಲಿ ಹಿಡ್ಕೊಂಡು ತುಂಬ ಹೊತ್ತು ನೋಡಿದವು. "ಅಂಬಗ ನೀನು ನಿತ್ಯ ನೀರು ಮಡುಗುತ್ತೆ," ಹೇಳಿದವು. ಮಾತು ಅಷ್ಟೇ. ಆದರೆ ಆ ದಿನ ಗಂಜಿ ಎರಡು ಸೌಟು ಹೆಚ್ಚು ಉಂಡವು.

ನಿಂಗಳ ಮನೆಲಿಯೂ ಮನಿಕ್ಕೊಂಡಿಪ್ಪ ಪ್ರಾಯದವು ಇದ್ದರೆ ಒಂದರಿ ಮಾಡಿ ನೋಡಿ. ಕೆಮರ ಇಲ್ಲದ್ರೆ ಬೇಡ. ಮಂಚವ ಕಿಟಿಕಿ ಹೊಡೆಂಗೆ ತಿರುಗುಸಿ, ಹೆರ ಕಾಂಬ ಹಾಂಗೆ ಒಂದು ಚಟ್ಟಿ ನೀರು ಮಡುಗಿ. ಹಕ್ಕಿಗೊ ಬಕ್ಕು.